ಹಂದಿ ಒಂದು, ಬಾಣ ಎರಡು

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳನ್ನು ನೋಡಿದ ಪ್ರವಾಸಿಗರು ಬಹುಮಟ್ಟಿಗೆ ಅಲ್ಲಿಂದಲೇ ಬಸ್ಸಿಗೆ ಮರಳುತ್ತಾರೆ. ಮಲಪ್ರಭೆಯ ದಂಡೆ ಹಿಡಿದು ದಕ್ಷಿಣಕ್ಕೆ ಇನ್ನಷ್ಟು ನಡೆದರೆ ಪಾಪನಾಥ ಗುಡಿ ಸಿಗುತ್ತದೆ. ಎಂಟನೆಯ ಶತಮಾನದ ಈ ಗುಡಿಯ ದಕ್ಷಿಣದ ಗೋಡೆಗೆ ರಾಮಾಯಣ. ಯಾರು ಯಾರೆಂದು ತಿಳಿಯಲಿ ಎಂದು ಮೂರ್ತಿಗಳ ಬಳಿ ಹೆಸರನ್ನೂ ಕೊರೆದಿದ್ದಾರೆ. ಉತ್ತರದ ಗೋಡೆಗೆ ಮಹಾಭಾರತ. ಅಲ್ಲಿ ಅರ್ಜುನ ತಪಸ್ಸಿಗೆ ನಿಂತಿದ್ದಾನೆ, ಆಮೇಲೆ ಬೇಡನ ವೇಷದ ಶಿವನ ಎದುರು ಸೆಣಸಾಟಕ್ಕೆ ನಿಂತಿದ್ದಾನೆ.

ಆ ಜಗಳ ಶುರುವಾದದ್ದು ಒಂದು ಕಾಡುಹಂದಿಯಿಂದ. ಇಂದ್ರಕೀಲ ಪರ್ವತದಲ್ಲಿ ಹಂದಿ ನುಗ್ಗಿ ಬರುತ್ತದೆ, ಎರಡು ಕಡೆಯಿಂದ ಎರಡು ಬಾಣ ಹಾರುತ್ತವೆ, ಹಂದಿ ಬೀಳುತ್ತದೆ. ಕೊಂದ ಬಾಣ ಯಾರದು? ಅರ್ಜುನ ನನ್ನದೆನ್ನುತ್ತಾನೆ, ಬೇಡನ ಕಡೆಯವರು ತಮ್ಮೊಡೆಯನದೆನ್ನುತ್ತಾರೆ. ಮಾತಿಗೆ ಮಾತು ಬೆಳೆದು, ಬಿಲ್ಲು ಬಾಣ ಮುಗಿದು, ಕೊನೆಗೆ ಕುಸ್ತಿಗೆ ಬರುತ್ತದೆ. ಈ ಕಥೆಯನ್ನು ಹದಿನೆಂಟು ಸರ್ಗಗಳ ಸಂಸ್ಕೃತ ಕಾವ್ಯವಾಗಿ ಬರೆದವನು ಭಾರವಿ. ಅವನ ಹೆಸರು ಕಾಲದ ಸಮೇತ ಮೊದಲು ಸಿಗುವುದು ಪಾಪನಾಥಕ್ಕೆ ಹತ್ತಿರದ ಐಹೊಳೆಯ ಮೇಗುತಿ ಗುಡ್ಡದಲ್ಲಿ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಶಕ 556ರಲ್ಲಿ, ಅಂದರೆ ಕ್ರಿ.ಶ. 634–35ರಲ್ಲಿ ಜಿನಾಲಯ ಕಟ್ಟಿಸಿದ ರವಿಕೀರ್ತಿ ತನ್ನ ಶಾಸನದ ಕೊನೆಯಲ್ಲಿ ತಾನು ಕಾಳಿದಾಸ, ಭಾರವಿಗಳಿಗೆ ಸಮನಾದ ಕೀರ್ತಿವಂತ ಎಂದು ಹೇಳಿಕೊಂಡ. ನೂರು ವರ್ಷದ ಆಚೀಚೆಯಲ್ಲಿ ಅದೇ ನಾಡಿನ ಶಿಲ್ಪಿಗಳು ಅದೇ ಕಥೆಯನ್ನು ಕಲ್ಲಿಗಿಳಿಸಿದರು. ವರಾಹವನ್ನೇ ಲಾಂಛನ ಮಾಡಿಕೊಂಡಿದ್ದ ಚಾಲುಕ್ಯರ ನಾಡಿಗೆ ಹಂದಿ ಬೇಟೆಯ ಈ ಕಥೆ ಇಷ್ಟು ಹಿಡಿಸಿದ್ದು ಗಮನಿಸಬೇಕಾದ ಸಂಗತಿ.

ಇಲ್ಲಿ ಇನ್ನೊಂದನ್ನು ನೋಡಬೇಕು. ದ್ರೌಪದಿಯ ಸ್ವಯಂವರದಲ್ಲಿ ಅರ್ಜುನ ಮತ್ಸ್ಯಯಂತ್ರ ಹೊಡೆದದ್ದು ಸಭೆಯಲ್ಲಿ, ಕಟ್ಟಿಟ್ಟ ಗುರಿಗೆ, ನೋಡುವವರ ನಡುವೆ. ಕಿರಾತನ, ಅಂದರೆ ಆ ಬೇಡನ, ಪ್ರಸಂಗ ನಡೆದದ್ದು ಗುಡ್ಡದಲ್ಲಿ. ಅಲ್ಲಿ ದೂರ ಅಳೆದು ಹೇಳುವವರಿಲ್ಲ, ಕಾಲ ಕೆಳಗಿನ ನೆಲ ಸಮವಿಲ್ಲ, ಗುರಿ ಮರದ ಮರೆಯಲ್ಲಿರುತ್ತದೆ. ಬಿಲ್ವಿದ್ಯೆಯ ಈ ಎರಡು ದಾರಿಗಳು ಇಂದಿನ ಕ್ರೀಡೆಯಲ್ಲೂ ಬೇರೆ ಬೇರೆಯಾಗಿಯೇ ಇವೆ. ಒಲಿಂಪಿಕ್ಸ್‌ನಲ್ಲಿ ನಾವು ಟಿವಿಯಲ್ಲಿ ನೋಡುವುದು ಮೊದಲನೆಯದು: ಸಪಾಟು ಮೈದಾನ, ಎಪ್ಪತ್ತು ಮೀಟರ್, ಬಣ್ಣದ ಗುರಿ. ಎರಡನೆಯದಕ್ಕೆ ಫೀಲ್ಡ್ ಆರ್ಚರಿ ಎಂದು ಹೆಸರು. ಅದಕ್ಕೆ ದೊಡ್ಡ ವೇದಿಕೆ ಎಂದರೆ ಒಲಿಂಪಿಕ್ಸ್‌ನಲ್ಲಿ ಜಾಗ ಸಿಗದ ಆಟಗಳಿಗಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ವರ್ಲ್ಡ್ ಗೇಮ್ಸ್. ಮೊದಲ ವರ್ಲ್ಡ್ ಗೇಮ್ಸ್ 1981ರಲ್ಲಿ ಅಮೆರಿಕದ ಸಾಂತಾ ಕ್ಲಾರಾದಲ್ಲಿ ನಡೆಯಿತು. 1985ರ ಲಂಡನ್ ಕೂಟದಲ್ಲಿ ಫೀಲ್ಡ್ ಆರ್ಚರಿ ಸೇರಿಕೊಂಡಿತು. ಪುರುಷರ ರಿಕರ್ವ್ ಅದರ ಮುಖ್ಯ ಸ್ಪರ್ಧೆಗಳಲ್ಲಿ ಒಂದು.

ರಿಕರ್ವ್ ಬಿಲ್ಲಿನ ತುದಿಗಳು ಬಿಲ್ಲುಗಾರನಿಂದ ಆಚೆಗೆ ಹೊರಳಿರುತ್ತವೆ. ಹೆದೆ ಎಳೆದಾಗ ಆ ತುದಿಗಳೂ ಬಿಚ್ಚಿಕೊಳ್ಳುವುದರಿಂದ ಗಿಡ್ಡ ಬಿಲ್ಲಿನಲ್ಲೇ ಹೆಚ್ಚು ಬಲ ಕೂಡಿಡಬಹುದು. ಕಂಪೌಂಡ್ ಬಿಲ್ಲಿನಲ್ಲಿ ಗಾಲಿಗಳಿವೆ. ಪೂರ್ತಿ ಎಳೆದ ಮೇಲೆ ಕೈಗೆ ಭಾರ ಕಡಿಮೆಯಾಗುತ್ತದೆ. ರಿಕರ್ವ್‌ನಲ್ಲಿ ಆ ಸೌಲಭ್ಯವಿಲ್ಲ. ಎಳೆದಷ್ಟೂ ಭಾರ, ಬಾಣ ಬಿಡುವವರೆಗೂ ಭಾರ.

ಫೀಲ್ಡ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಇಪ್ಪತ್ತನಾಲ್ಕು ಗುರಿಗಳು. ಕಾಡಿನ ದಾರಿಯಲ್ಲಿ, ಹಳ್ಳದ ಪಕ್ಕ, ಬಂಡೆಯ ನೆತ್ತಿಯ ಮೇಲೆ ಒಂದೊಂದು. ಮೂರ್ನಾಲ್ಕು ಜನರ ಗುಂಪು ಒಂದು ಗುರಿಯಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತದೆ. ರಿಕರ್ವ್‌ನವರು ನಿಲ್ಲುವ ಜಾಗಕ್ಕೆ ಕೆಂಪು ಗೂಟ. ಹನ್ನೆರಡು ಗುರಿಗಳ ದೂರವನ್ನು ಬರೆದು ಹಾಕಿರುತ್ತಾರೆ. ಇನ್ನು ಹನ್ನೆರಡಕ್ಕೆ ಬರೆದಿರುವುದಿಲ್ಲ. ಬರೆದದ್ದು ಅರವತ್ತು ಮೀಟರ್‌ವರೆಗೆ, ಬರೆಯದ್ದು ಐವತ್ತೈದರವರೆಗೆ ಎಲ್ಲಿಯಾದರೂ ಇರಬಹುದು. ಗುರಿ ಹಾಳೆಯೂ ಒಂದೇ ಅಳತೆಯದಲ್ಲ: ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು ಸೆಂಟಿಮೀಟರ್, ಕಪ್ಪು ಹಾಳೆಗೆ ಹಳದಿ ನಡು. ಪ್ರತಿ ಗುರಿಗೆ ಮೂರು ಬಾಣ, ನಟ್ಟನಡುವಿಗೆ ಆರು ಅಂಕ. ಎಲ್ಲವೂ ಆರೇ ಬಿದ್ದರೆ 432. ಸೆಮಿಫೈನಲ್, ಫೈನಲ್‌ಗಳಲ್ಲಿ ನಾಲ್ಕೇ ಗುರಿ, ಹನ್ನೆರಡೇ ಬಾಣ. ಒಂದು ಕೆಟ್ಟರೆ ತಿದ್ದಿಕೊಳ್ಳಲು ಸಮಯವಿರುವುದಿಲ್ಲ.

ದೂರ ಅಳೆಯುವ ಯಂತ್ರ ತರುವಂತಿಲ್ಲ. ದುರ್ಬೀನು ತರಬಹುದು, ಆದರೆ ಅದರಲ್ಲಿ ಅಳತೆಯ ಗೆರೆ ಇರಕೂಡದು. ಹೀಗಾಗಿ ಬಿಲ್ಲುಗಾರ ಕೆಂಪು ಗೂಟದ ಬಳಿ ನಿಂತು ಮೊದಲು ಕಣ್ಣಿನಿಂದ ನೆಲವನ್ನು ಓದುತ್ತಾನೆ. ಕಾಣುವ ಹಾಳೆ ದೊಡ್ಡದಿದ್ದು ದೂರವಿದೆಯೋ, ಚಿಕ್ಕದಿದ್ದು ಹತ್ತಿರವಿದೆಯೋ? ನಡುವೆ ತಗ್ಗಿದ್ದರೆ ದೂರ ಕಡಿಮೆ ಕಂಡು ಮೋಸವಾಗುತ್ತದೆ. ನೆರಳಿನಲ್ಲಿರುವ ಗುರಿ ದೂರ ಕಾಣುತ್ತದೆ, ಬಿಸಿಲಲ್ಲಿರುವುದು ಹತ್ತಿರ. ಇಳಿಜಾರಿನದು ಇನ್ನೊಂದು ಲೆಕ್ಕ. ಮೂವತ್ತು ಡಿಗ್ರಿ ಏರಿನಲ್ಲಿ ಐವತ್ತು ಮೀಟರ್ ದೂರದ ಗುರಿಗೆ ಹೊಡೆಯುವಾಗ, ನೆಲಮಟ್ಟದಲ್ಲಿ ಅಳೆದರೆ ಬರುವ ದೂರ ಸುಮಾರು ನಲವತ್ಮೂರು ಮೀಟರ್. ಬಾಣವನ್ನು ಕೆಳಗೆಳೆಯುವ ಭೂಮಿಯ ಸೆಳೆತಕ್ಕೆ ಮುಖ್ಯವಾಗಿ ಲೆಕ್ಕ ಈ ಎರಡನೆಯ ದೂರ. ಐವತ್ತಕ್ಕೆಂದು ಸೈಟ್ ಹೊಂದಿಸಿ ಬಿಟ್ಟರೆ ಬಾಣ ಗುರಿಯ ಮೇಲಿಂದ ಹೋಗುತ್ತದೆ. ಕೆಳಗಿನ ಗುರಿಗೆ ಬಿಟ್ಟಾಗಲೂ ಹಾಗೆಯೇ ಆಗುತ್ತದೆ ಎಂಬುದು ಹೊಸಬರಿಗೆ ನಂಬಲಾಗದ ವಿಷಯ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು, ಸೊಂಟದಿಂದ ಬಾಗಿ, ಇಪ್ಪತ್ತು ಕಿಲೋ ಆಸುಪಾಸಿನ ಹೆದೆಯನ್ನು ಗದ್ದದವರೆಗೆ ಎಳೆದು ಇದೆಲ್ಲವನ್ನೂ ಮಾಡಬೇಕು.

ಕಾಡಿನ ಬೇಡನಿಗೆ ಈ ಲೆಕ್ಕ ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಕೈಗೆ ಗೊತ್ತಿತ್ತು.

ಕೆರೂರಿನಿಂದ ಬಾದಾಮಿಯ ಕಡೆಗೆ ಹೊರಟವರಿಗೆ ಆ ಕೈ ಕಲಿತ ನೆಲ ಕಾಣುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಈ ಊರಿನ ಸುತ್ತ ಜೋಳದ ಹೊಲಗಳ ನಡುವೆ ಮರಳುಗಲ್ಲಿನ ದಿಬ್ಬಗಳು ಏಳುತ್ತವೆ. ಬಾದಾಮಿ ಹತ್ತಿರವಾದಂತೆ ಅವೇ ಕೆಂಪು ಗೋಡೆಗಳಾಗುತ್ತವೆ. ಬಾದಾಮಿಯ ಸಮೀಪದ ಸಿಡಿಲಫಡಿಯ ಬಂಡೆಯಾಸರೆಯಲ್ಲಿ ಇತಿಹಾಸಪೂರ್ವದ ಜನ ಬಣ್ಣದ ಚಿತ್ರಗಳನ್ನು ಬಿಟ್ಟುಹೋಗಿದ್ದಾರೆ. ಚಾಲುಕ್ಯರು ಬರುವ ಸಾವಿರಾರು ವರ್ಷ ಮೊದಲೇ ಈ ಕಲ್ಲುಗಳ ನಡುವೆ ಬೇಟೆಯ ಬದುಕಿತ್ತು.

ಚಾಲುಕ್ಯರ ನಂತರವೂ ಬಿಲ್ಲು ಬರಿಯ ಯುದ್ಧದ ಸಾಮಾನಾಗಿ ಉಳಿಯಲಿಲ್ಲ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ಕನ್ನಡ ನಾಡಿನ ತುಂಬ ಇವೆ. ಅವುಗಳಲ್ಲಿ ಬಿಲ್ಲು ಹಿಡಿದವರಿದ್ದಾರೆ, ಬಾಣ ನಟ್ಟು ಬಿದ್ದವರಿದ್ದಾರೆ. ಅರಮನೆಯಲ್ಲಿ ಅದು ಆಟವೂ ಆಯಿತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ಶಸ್ತ್ರವಿನೋದ ಒಂದು, ಬೇಟೆ ಇನ್ನೊಂದು. ಆಯುಧದ ಕೌಶಲವನ್ನು ಜನರೆದುರು ತೋರಿಸಿ ಮೆಚ್ಚುಗೆ ಪಡೆಯುವುದು ಎಂಟುನೂರು ವರ್ಷಗಳಿಗೂ ಹಿಂದೆ ಕನ್ನಡದ ಅರಸನೊಬ್ಬನಿಗೆ ಗ್ರಂಥದಲ್ಲಿ ಬರೆದಿಡುವಷ್ಟು ಮಹತ್ವದ ಕಲೆಯಾಗಿತ್ತು.

ಅರಮನೆಯ ಆಚೆ ಈ ವಿದ್ಯೆಯನ್ನು ತಲೆಮಾರುಗಟ್ಟಲೆ ಉಳಿಸಿಕೊಂಡವರು ಬೇಡರು. ಅವರು ವಿಜಯನಗರದ ದಂಡಿನಲ್ಲಿ ದುಡಿದರು, ಸುರಪುರದಲ್ಲಿ ನಾಯಕರಾಗಿ ಆಳಿದರು, ಹೈದರನ ಸೈನ್ಯದಲ್ಲೂ ಸೇರಿದರು. ಕಾಲ ಬದಲಾದಂತೆ ಬಿಲ್ಲಿನ ಜಾಗಕ್ಕೆ ಬಂದೂಕು ಬಂತು, ಆದರೂ ಹತಾರ ಎಂಬುದು ಅವರ ಕಸುಬು, ಅವರ ಮಾನ, ಅವರ ಹೊಟ್ಟೆಪಾಡು.

1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಉತ್ತರ ಭಾರತದ ದಂಗೆಯಿಂದ ಹೆದರಿದ್ದ ಸರಕಾರಕ್ಕೆ ಜನರ ಕೈಯಲ್ಲಿರುವ ಪ್ರತಿಯೊಂದು ಆಯುಧವೂ ಅಪಾಯವಾಗಿ ಕಂಡಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಗೂ ಹುಕುಂ ಬಂತು: ಹತಾರ ತಂದೊಪ್ಪಿಸಿ. ಹಲಗಲಿಯ ಬೇಡರು ಒಪ್ಪಲಿಲ್ಲ. ಸುತ್ತಲ ಊರುಗಳ ಬೇಡರೂ ಬಂದು ಕೂಡಿಕೊಂಡರು. ಜಡಗ, ಬಾಲ, ಹನುಮ, ರಾಮ ಎಂಬ ಮುಂದಾಳುಗಳ ಹೆಸರುಗಳನ್ನು ಈ ಭಾಗದ ಜನ ಇಂದಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಕುದುರೆ ದಂಡು ಊರಿಗೆ ಮುತ್ತಿಗೆ ಹಾಕಿತು. ಬೇಡರು ಮನೆಗಳ ಒಳಗಿಂದ, ಸಂದಿಗೊಂದಿಗಳಿಂದ ಕಾದಾಡಿದರು. 30ರಂದು ಊರಿಗೆ ಬೆಂಕಿ ಬಿತ್ತು. ಸುಮಾರು ನೂರು ಜನ ಸತ್ತರು, 290 ಜನ ಸೆರೆಯಾದರು. ಡಿಸೆಂಬರ್ 11ರಂದು ಮುಧೋಳದಲ್ಲಿ ಹದಿಮೂರು ಜನರನ್ನು ಗಲ್ಲಿಗೇರಿಸಿದರು. 14ರಂದು ಇನ್ನೂ ಆರು ಜನರನ್ನು ಹಲಗಲಿಯಲ್ಲೇ, ಅವರ ಊರವರ ಕಣ್ಣೆದುರು.

ಈ ಘಟನೆಯನ್ನು ಸರಕಾರಿ ಕಾಗದಗಳಿಗಿಂತ ಚೆನ್ನಾಗಿ ಉಳಿಸಿದ್ದು ಲಾವಣಿ. ಅದರ ಅಂಕಿತದಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರಿದೆ. ಕರ್ನಾಟಕದ ಶಾಲೆಯ ಮಕ್ಕಳು ಅದನ್ನು ಪಠ್ಯಪುಸ್ತಕದಲ್ಲಿ ಓದಿದ್ದಾರೆ. ಅದನ್ನು ಬರೆಸಿಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಬಾಂಬೆ ಸರಕಾರದ ಅಧಿಕಾರಿ ಜಾನ್ ಫೇಯ್ತ್‌ಫುಲ್ ಫ್ಲೀಟ್. ಮೇಗುತಿಯ ರವಿಕೀರ್ತಿಯ ಶಾಸನವನ್ನು ಓದಿ ಪ್ರಕಟಿಸಿದವನೂ ಇದೇ ಫ್ಲೀಟ್. ಭಾರವಿಯನ್ನು ನೆನೆದ ಕಲ್ಲನ್ನೂ ಬೇಡರ ಹಾಡನ್ನೂ ಒಬ್ಬನೇ ಮನುಷ್ಯ, ಅದೂ ಹತಾರ ಕಸಿದ ಸರಕಾರದ ನೌಕರ, ಜಗತ್ತಿಗೆ ಓದಿಸಿದ.

1878ರಲ್ಲಿ ಬ್ರಿಟಿಷ್ ಸರಕಾರ ಇನ್ನೂ ಬಿಗಿಯಾದ ಶಸ್ತ್ರ ಕಾಯ್ದೆ ಮಾಡಿತು. ಆ ಕಾಯ್ದೆಯಲ್ಲಿ ಆಯುಧ ಎಂದರೇನು ಎಂಬ ವಿವರಣೆಯನ್ನು ಓದಿದರೆ ಬಂದೂಕು, ಕತ್ತಿ, ಬಾಕು, ಭರ್ಚಿಗಳ ಜತೆಗೆ ಬಿಲ್ಲು ಬಾಣವೂ ಇದೆ. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ಬಿಲ್ಲು ಶ್ರೀಮಂತರ ತೋಟಗಳ ಆಟವಾಗಿತ್ತು. ಅಲ್ಲಿನ ರಾಯಲ್ ಟಾಕ್ಸೊಫಿಲೈಟ್ ಸೊಸೈಟಿ 1781ರಷ್ಟು ಹಳೆಯದು. ಗಂಡಸರೂ ಹೆಂಗಸರೂ ಒಳ್ಳೆಯ ಬಟ್ಟೆ ತೊಟ್ಟು ಹುಲ್ಲಿನ ಮೇಲೆ ಗುರಿ ಹೊಡೆಯುತ್ತಿದ್ದರು. ಒಂದೇ ರಾಣಿಯ ಆಳ್ವಿಕೆಯಲ್ಲಿ ಅಲ್ಲಿ ವಿನೋದವಾದದ್ದು ಇಲ್ಲಿ ಕಾಯ್ದೆಯ ಪುಸ್ತಕ ಸೇರಿತು.

ಹಲಗಲಿಯ ಕಥೆಯನ್ನು ಕೊಡಗಿನ ಪಕ್ಕದಲ್ಲಿಟ್ಟು ನೋಡಿದರೆ ಆದ ನಷ್ಟ ಏನೆಂಬುದು ತಿಳಿಯುತ್ತದೆ. ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಆಗ ಚೀಫ್ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಬಂದೂಕು ಮನೆಯಲ್ಲೇ ಉಳಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ, ಪೂಜೆಯ ನಂತರ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಲ್ಲಿ ಆಯುಧ ಹಬ್ಬದ ದಾರಿ ಹಿಡಿದು ಆಟವಾಯಿತು, ಚಿಕ್ಕ ಮಕ್ಕಳೂ ನೋಡುತ್ತ ಬೆಳೆದರು. ಹಲಗಲಿಯ ಸುತ್ತ ಅಂಥ ದಾರಿಯನ್ನು ಕಡಿದುಹಾಕಲಾಯಿತು. ದಸರೆಗೆ ಇಲ್ಲಿಯೂ ಹತಾರಕ್ಕೆ ಪೂಜೆ ಆಗುತ್ತದೆ, ಬನ್ನಿ ಮುಡಿಯುತ್ತಾರೆ, ಗಾಂಡೀವವನ್ನು ಬಚ್ಚಿಟ್ಟ ಮರದ ಎಲೆಯನ್ನು ಬಂಗಾರವೆಂದು ಹಂಚುತ್ತಾರೆ. ಗುರಿ ಹೊಡೆಯುವ ಪಂದ್ಯ ಮಾತ್ರ ಊರಿನ ರೂಢಿಯಾಗಲಿಲ್ಲ.

ಬೇಡರ ಬೇಟೆಯ ಬದುಕಿನಲ್ಲಿ ಒಂದು ಅಂಗ ಮಾತ್ರ ಉಳಿದು ದೇಶಕ್ಕೇ ಹೆಸರಾಯಿತು: ನಾಯಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ತನ್ನ ಸೀಮೆಯ ಬೇಟೆಗಾರರು ಸಾಕಿದ್ದ ಉದ್ದ ಕಾಲಿನ, ಬಿರುಸಿನ ನಾಯಿಗಳನ್ನು ಗಮನಿಸಿ ತಳಿ ಕಾಪಾಡಿದ. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಎಂಬ ಮಾತೂ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ತಂದಿತು, ಆಮೇಲೆ ಭಾರತೀಯ ಸೇನೆಯೂ ಆ ತಳಿಯನ್ನು ತೆಗೆದುಕೊಂಡು ತರಬೇತಿ ಕೊಟ್ಟಿತು. ಅರಸನೊಬ್ಬನ ಕಣ್ಣಿಗೆ ಬಿದ್ದದ್ದಕ್ಕೆ ನಾಯಿ ಬದುಕಿತು. ಬಿಲ್ಲಿಗೆ ಅಂಥ ಪೋಷಕರು ಸಿಗಲಿಲ್ಲ.

ಅತ್ತ ಯುರೋಪಿನಲ್ಲಿ ಬಿಲ್ಲು ಒಲಿಂಪಿಕ್ಸ್ ಸೇರಿತ್ತು. 1900ರ ಪ್ಯಾರಿಸ್, 1904, 1908, ಮತ್ತೆ 1920. ಆ ಕಾಲದ ಸ್ಪರ್ಧೆಗಳಲ್ಲಿ ಎತ್ತರದ ಕಂಬಕ್ಕೆ ಕಟ್ಟಿದ ಕೃತಕ ಹಕ್ಕಿಗಳನ್ನು ಕೆಡವುವ ಪಂದ್ಯಗಳಿದ್ದವು. ಬೆಲ್ಜಿಯಂ, ಉತ್ತರ ಫ್ರಾನ್ಸ್‌ಗಳ ಊರಹಬ್ಬಗಳಿಂದ ಬಂದ ಆಟ ಅದು. ಬೆಲ್ಜಿಯಂನ ಹ್ಯೂಬರ್ಟ್ ವಾನ್ ಇನ್ನಿಸ್ 1900 ಮತ್ತು 1920ರ ಎರಡೇ ಕೂಟಗಳಲ್ಲಿ ಆರು ಚಿನ್ನ, ಮೂರು ಬೆಳ್ಳಿ ಗೆದ್ದ. ಎರಡನೆಯ ಸಲ ಅವನ ವಯಸ್ಸು ಐವತ್ತು ದಾಟಿತ್ತು. ಆ 1920ರ ಆಂಟ್‌ವರ್ಪ್ ಕೂಟಕ್ಕೇ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಹೋಗಿದ್ದ. ದೊರಾಬ್ಜಿ ಟಾಟಾ ಮುಂದಾಗಿ ಕಳಿಸಿದ ತಂಡದಲ್ಲಿ ಅವನು ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವನಾದ. ಬೆಳಗಾವಿಯಿಂದ ಓಟಗಾರ ಹೋದ, ಬಿಲ್ಲುಗಾರ ಯಾರೂ ಇರಲಿಲ್ಲ. ಬಿಲ್ಲಿನ ಪಂದ್ಯಕ್ಕೆ ನಿಂತವರು ಬೆಲ್ಜಿಯಂ, ಫ್ರಾನ್ಸ್, ಹಾಲೆಂಡಿನವರು ಮಾತ್ರ. ಒಂದೊಂದು ದೇಶದ ನಿಯಮ ಒಂದೊಂದು ಆಗಿದ್ದರಿಂದ ಆಟವನ್ನೇ ಒಲಿಂಪಿಕ್ಸ್‌ನಿಂದ ತೆಗೆದರು.

1931ರಲ್ಲಿ ಆಗಿನ ಪೋಲೆಂಡಿನ ಲ್ವೋವ್ ಊರಿನಲ್ಲಿ ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಒಕ್ಕೂಟ ಹುಟ್ಟಿ ನಿಯಮಗಳನ್ನು ಒಂದುಗೂಡಿಸಿತು. ಒಲಿಂಪಿಕ್ಸ್‌ಗೆ ಮರಳಲು ಮತ್ತೆ ನಾಲ್ಕು ದಶಕ ಬೇಕಾಯಿತು: 1972, ಮ್ಯೂನಿಕ್. ಅದಕ್ಕೆ ಮೂರು ವರ್ಷ ಮೊದಲು, 1969ರಲ್ಲಿ, ಅಮೆರಿಕದ ವ್ಯಾಲಿ ಫೋರ್ಜ್‌ನಲ್ಲಿ ಮೊದಲ ವಿಶ್ವ ಫೀಲ್ಡ್ ಆರ್ಚರಿ ಚಾಂಪಿಯನ್‌ಶಿಪ್ ನಡೆದಿತ್ತು. ಹೀಗೆ ಎರಡು ದಾರಿಗಳಿಗೂ ಒಂದೊಂದು ಮನೆ ಸಿಕ್ಕಿತು, ಒಂದು ಮೈದಾನದಲ್ಲಿ, ಇನ್ನೊಂದು ಗುಡ್ಡದಲ್ಲಿ. ನಂತರ ಮೂರನೆಯದೂ ಸೇರಿತು. ಕಾಡಿನಲ್ಲಿ ಪ್ರಾಣಿಗಳ ಫೋಮ್ ಬೊಂಬೆಗಳಿಗೆ, ಕಾಡುಹಂದಿಯದೂ ಸೇರಿದಂತೆ, ಬಾಣ ಬಿಡುವ ತ್ರೀಡಿ ಆರ್ಚರಿಗೂ ಈಗ ವಿಶ್ವ ಚಾಂಪಿಯನ್‌ಶಿಪ್ ಇದೆ.

ಗುಡ್ಡದ ದಾರಿಯಿಂದ ಬಂದವರು ಮೈದಾನದಲ್ಲಿ ಸೋಲುತ್ತಾರೆ ಎಂಬುದು ಬರಿಯ ಊಹೆ. 2012ರ ಲಂಡನ್ ಒಲಿಂಪಿಕ್ಸ್ ತಂಡ ಫೈನಲ್‌ನಲ್ಲಿ ಇಟಲಿಯ ಮಿಕೆಲೆ ಫ್ರಾಂಜಿಲ್ಲಿ ಕಟ್ಟಕಡೆಯ ಬಾಣಕ್ಕೆ ಹತ್ತು ಹೊಡೆದು ಅಮೆರಿಕವನ್ನು 219–218ರಿಂದ ಸೋಲಿಸಿದ. ಅವನು ಫೀಲ್ಡ್ ವಿಶ್ವ ಚಾಂಪಿಯನ್ ಪಟ್ಟವನ್ನೂ ಗೆದ್ದಿದ್ದವನು. ಅಂದು ಸೋತ ಅಮೆರಿಕ ತಂಡದಲ್ಲಿದ್ದ ಬ್ರೇಡಿ ಎಲಿಸನ್ ಮುಂದೆ 2016ರಲ್ಲಿ ಡಬ್ಲಿನ್‌ನಲ್ಲೂ 2018ರಲ್ಲಿ ಕೊರ್ಟಿನಾದಲ್ಲೂ ಫೀಲ್ಡ್ ರಿಕರ್ವ್ ವಿಶ್ವ ಪಟ್ಟ ಪಡೆದ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊರಿಯಾದ ಕಿಮ್ ವೂ–ಜಿನ್ ಎದುರು ಒಂದೇ ಬಾಣದ ಶೂಟ್‌ಆಫ್‌ನಲ್ಲಿ, ಐದು ಮಿಲಿಮೀಟರ್‌ಗೂ ಕಡಿಮೆ ಅಂತರದಲ್ಲಿ, ಅವನಿಗೆ ಚಿನ್ನ ತಪ್ಪಿತು. ಗಾಳಿ ತಿರುಗಿದಾಗ, ಬೆಳಕು ಬದಲಾದಾಗ ದಿಕ್ಕೆಡದಿರುವ ಗುಣ ಇಂಥವರಿಗೆ ಗುಡ್ಡದ ಸ್ಪರ್ಧೆಯಿಂದಲೂ ಬಂದಿದೆ ಎಂದು ನಂಬಲು ಕಾರಣವಿದೆ.

ಭಾರತದಲ್ಲಿ ಆರ್ಚರಿ ಅಸೋಸಿಯೇಷನ್ 1973ರಲ್ಲಿ ಸ್ಥಾಪನೆಯಾಯಿತು. ಬಿಲ್ಲು ಇನ್ನೂ ಕೈಯಲ್ಲಿರುವ ಜನರನ್ನು ಹುಡುಕಿಕೊಂಡು ಹೋಗುವ ಯೋಚನೆ ಬಂದದ್ದು 1980ರ ದಶಕದಲ್ಲಿ, ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯಿಂದ. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ. ರಾಜಸ್ಥಾನದ ಉದಯಪುರದ ಕಡೆಯ ಬುಡಕಟ್ಟು ಹುಡುಗ ಲಿಂಬಾ ರಾಮ್ 1987ರ ಆಯ್ಕೆಯಲ್ಲಿ ಸಿಕ್ಕವನು. ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದ ಆ ಹುಡುಗ ಮರುವರ್ಷವೇ ಸೋಲ್ ಒಲಿಂಪಿಕ್ಸ್‌ನಲ್ಲಿ ನಿಂತ. 1992ರಲ್ಲಿ ಬೀಜಿಂಗ್‌ನಲ್ಲಿ ಮೂವತ್ತು ಮೀಟರ್ ಸ್ಪರ್ಧೆಯಲ್ಲಿ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಅದೇ ಯೋಜನೆ ಕರ್ನಾಟಕಕ್ಕೂ ಬಂದಿತ್ತು. ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿದ್ದು ಓಟ, ಜಿಗಿತಗಳಿಗೆ. ಬೇಡರ ನಾಡಾದ ಬಾಗಲಕೋಟೆಯ ಕಡೆಗೆ ಬಿಲ್ಲು ಹಿಡಿದು ಯಾರಾದರೂ ಬಂದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ. ರಾಜ್ಯ ಸರಕಾರ ತನ್ನ ಕ್ರೀಡಾ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿರುವಾಗ ಈ ಕೊರತೆ ಹೆಚ್ಚು ಎದ್ದು ಕಾಣುತ್ತದೆ.

ಆಮೇಲೆ ದೇಶದ ಬಿಲ್ಲುಗಾರಿಕೆ ಬೆಳೆಯಿತು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಪುರುಷರ ರಿಕರ್ವ್ ಚಿನ್ನ ರಾಹುಲ್ ಬ್ಯಾನರ್ಜಿಗೆ, ಮಹಿಳೆಯರದು ದೀಪಿಕಾ ಕುಮಾರಿಗೆ. ವರ್ಲ್ಡ್ ಗೇಮ್ಸ್‌ನಲ್ಲೂ ಪದಕ ಬಂತು. 2022ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಭಿಷೇಕ್ ವರ್ಮಾ, ಜ್ಯೋತಿ ಸುರೇಖಾ ಜೋಡಿ ಮೆಕ್ಸಿಕೊವನ್ನು 157–156ರಿಂದ ಸೋಲಿಸಿ ಕಂಚು ಗೆದ್ದಿತು. 2025ರ ಆಗಸ್ಟ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ರಿಷಭ್ ಯಾದವ್ ಕಂಚಿನ ಪಂದ್ಯದಲ್ಲಿ ಎದುರಿಸಬೇಕಾದದ್ದು ತನ್ನದೇ ದೇಶದ ಅಭಿಷೇಕ್ ವರ್ಮಾನನ್ನು, 149–147ರಿಂದ ಗೆದ್ದ. ಇವೆರಡೂ ಕಂಪೌಂಡ್ ಬಿಲ್ಲಿನ, ಸಪಾಟು ನೆಲದ ಪದಕಗಳು. ಅದೇ ಕೂಟಗಳಲ್ಲಿ ಫೀಲ್ಡ್ ಸ್ಪರ್ಧೆಯೂ ನಡೆಯಿತು, ಭಾರತದ ಲಕ್ಷ್ಯ ಅತ್ತ ಇರಲಿಲ್ಲ. ಇದಕ್ಕೆ ಕಾರಣ ಸರಳ. ದುಡ್ಡು, ಕೋಚ್, ನೌಕರಿ ಎಲ್ಲವೂ ಒಲಿಂಪಿಕ್ಸ್ ಇದ್ದ ಕಡೆ ಹೋಗುತ್ತವೆ. 2028ರ ಲಾಸ್ ಏಂಜಲೀಸ್‌ಗೆ ಕಂಪೌಂಡ್ ಮಿಶ್ರ ತಂಡ ಸೇರಿರುವುದರಿಂದ ಆ ಎಳೆತ ಇನ್ನೂ ಹೆಚ್ಚುತ್ತದೆ.

ಆದರೂ ಕೆರೂರ–ಬಾದಾಮಿ–ಹುನಗುಂದದ ಪಟ್ಟಿಗೆ ಫೀಲ್ಡ್ ಆರ್ಚರಿಯಷ್ಟು ಒಪ್ಪುವ ಆಟ ಇನ್ನೊಂದಿಲ್ಲ. ಟಾರ್ಗೆಟ್ ಆರ್ಚರಿಗೆ ಮಟ್ಟ ಮಾಡಿದ ಮೈದಾನ ಬೇಕು. ಇದಕ್ಕೆ ಮಟ್ಟ ಮಾಡದ ನೆಲವೇ ಬೇಕು. ಬಂಡೆ, ಜಾಲಿ, ಹಳ್ಳ, ದಿಬ್ಬ ಇದ್ದಂತೆಯೇ ಇರಬೇಕು. ಹೊಸ ಆಟವನ್ನು ಈ ಜಿಲ್ಲೆಗಳು ಎತ್ತಿಕೊಳ್ಳುವುದಿಲ್ಲ ಎನ್ನಲಾಗದು. ವಿಜಯಪುರ, ಬಾಗಲಕೋಟೆಯ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ, ಅದೂ ಇದೇ ಬಿಸಿಲಿನ ರಸ್ತೆಗಳ ಮೇಲೆ ಕಲಿತು.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ ಇನ್ನೂರು ಮೀಟರ್‌ನಲ್ಲೂ ಅನುಮತಿ ಬೇಕು; ಕಟ್ಟಡವಿಲ್ಲದ ಆಟವಾದರೂ ಗುಡಿ, ಗುಹೆ, ಬಂಡೆಚಿತ್ರಗಳಿಂದ ದೂರವೇ ಇರಬೇಕು. ಹಲಗಲಿಯ ಆಸುಪಾಸಿನ ಕುರುಚಲು ಕಾಡು ಈಗ ಯಡಹಳ್ಳಿ ಚಿಂಕಾರ ವನ್ಯಧಾಮದ ಸೀಮೆ. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿದೆ, ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಆ ಕಾಡನ್ನು ಚಿಂಕಾರಗಳಿಗೆ ಬಿಟ್ಟು, ಊರಿನ ಗಾಯರಾಣದ ದಿಬ್ಬಗಳನ್ನು ಹುಡುಕಬೇಕು. ಬಾಣ ತಪ್ಪಿದರೆ ಹೋಗಿ ಬೀಳುವ ಕಡೆ ದಾರಿ, ಹೊಲ, ಕುರಿ ಮೇಯುವ ಜಾಗ ಇರಬಾರದು. ಪ್ರತಿ ಗುರಿಯ ಹಿಂದೆ ಮಣ್ಣಿನ ಏರು ಇರಬೇಕು. ಗುಡ್ಡದ ಹೊಟ್ಟೆಗೆ ಗುರಿ ನಿಲ್ಲಿಸಿದರೆ ಆ ಏರು ಇಲ್ಲಿ ತಾನಾಗಿಯೇ ಸಿಗುತ್ತದೆ.

ಮೊದಲಿಗೆ ಇಪ್ಪತ್ತನಾಲ್ಕು ಗುರಿಗಳೂ ಬೇಕಿಲ್ಲ. ಕೆರೂರಿನ ಹತ್ತಿರ ಆರೋ ಎಂಟೋ ಗುರಿಗಳ ಒಂದು ಸುತ್ತು, ಕಟ್ಟಿಗೆಯ ತರಬೇತಿ ರಿಕರ್ವ್ ಬಿಲ್ಲುಗಳು, ದೂರ ಅಂದಾಜಿಸುವುದನ್ನು ಕಲಿಸಬಲ್ಲ ಒಬ್ಬ ಕೋಚ್ ಇದ್ದರೆ ಶುರು ಮಾಡಬಹುದು. ಅಂದಾಜು ಕಲಿಸಲು ಬಿಲ್ಲೂ ಬೇಡ. ಮಕ್ಕಳನ್ನು ದಿಬ್ಬದ ಮೇಲೆ ನಿಲ್ಲಿಸಿ ಆ ಬೇವಿನ ಮರ ಎಷ್ಟು ದೂರ ಎಂದು ಕೇಳುವುದು, ಆಮೇಲೆ ಟೇಪು ಹಿಡಿದು ಅಳೆಯುವುದು. ಬೆಳಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ. ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ. ಕುರಿ ಕಾಯುತ್ತ ಇದೇ ಗುಡ್ಡಗಳಲ್ಲಿ ತಿರುಗುವ ಹುಡುಗ ಹುಡುಗಿಯರು ಆ ಪಾಠದಲ್ಲಿ ಪೇಟೆಯ ಮಕ್ಕಳಿಗಿಂತ ಬಹಳ ಮುಂದಿರುತ್ತಾರೆ, ಆಯ್ಕೆಯನ್ನು ಅವರಿಂದಲೇ ಆರಂಭಿಸಬೇಕು.